ನಡುಹೊತ್ತಿನಲ್ಲಿ ಇಳಿದವಳು

ಹುಳಿಮಿಠಾಯಿಯ ಪೊಟ್ಟಣವೊಂದು ಕ್ರೇನಿನ ಕೊಕ್ಕೆಗೆ ಕಟ್ಟಿಕೊಂಡು ಮತ್ತೆ ಮೇಲೆ ಬಂತು. ಅವಳು ಕೊಕ್ಕೆಯನ್ನು ಕ್ಯಾಬಿನ್ನಿನ ಹತ್ತಿರಕ್ಕೆ ಎಳೆದುಕೊಂಡು, ಪಕ್ಕದ ಬಾಗಿಲು ಸರಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದನ್ನು ಚಾಚಿ ಬಿಚ್ಚಿಕೊಂಡಳು. ಬಿಚ್ಚಿಕೊಳ್ಳದೆ ಇರುವಂತಿರಲಿಲ್ಲ. ಕೆಳಗೆ, ಇನ್ನೂ ಗೋಡೆ ಕಾಣದ ಕಟ್ಟಡದ ತುದಿಯ ಚಪ್ಪಡಿಯ ಮೇಲೆ, ಕಬ್ಬಿಣ ಕಟ್ಟುವ ಹೆಂಗಸರು ಹಳದಿ ಟೋಪಿಗಳನ್ನು ಹಿಂದಕ್ಕೆ ವಾಲಿಸಿಕೊಂಡು ನೋಡುತ್ತಿದ್ದರು. ಅವಳು ಪೊಟ್ಟಣವನ್ನು ಗಾಜಿಗೆ ಹಿಡಿದು ತೋರಿಸಿದಳು. ಒಬ್ಬಳು ಕೈಬೀಸಿದಳು. ಆಮೇಲೆ ಅದನ್ನು ಸೀಟಿನ ಕೆಳಗಿನ ಡಬ್ಬಕ್ಕೆ, ಹಿಂದಿನ ಪೊಟ್ಟಣಗಳ ಜೊತೆಗೆ, ಹಾಕಿ ಮುಚ್ಚಿದಳು. ಹುಳಿ ತಿಂದರೆ ಅವಳ ಕರುಳು ಗಾಯಕ್ಕೆ ಉಪ್ಪು ಸವರಿದ ಹಾಗೆ ಉರಿಯುತ್ತಿತ್ತು. ಬಸುರಿಗೆ ಹುಳಿ ಬೇಕೆನಿಸುತ್ತದೆ ಎಂಬುದು ಕೆಳಗಿನವರಿಗೆ ಗೊತ್ತಿತ್ತು. ಅವಳು ಬಸುರಿಯಲ್ಲ ಎಂಬುದು ಗೊತ್ತಿರಲಿಲ್ಲ.

ತಪ್ಪು ಪೆಡಲಿನದು. ಕ್ರೇನ್ ನಡೆಸುವವರ ಎರಡೂ ಕೈಗಳು ಸದಾ ಹಿಡಿಕೆಗಳ ಮೇಲಿರುವುದರಿಂದ ರೇಡಿಯೋದಲ್ಲಿ ಮಾತಾಡಲು ಪಾದದ ಹತ್ತಿರ ಒಂದು ಪೆಡಲ್ ಇರುತ್ತದೆ. ಒತ್ತಿದರೆ ಮಾತು ಕೆಳಗಿರುವ ಎಲ್ಲ ರೇಡಿಯೋಗಳಿಗೂ ಹೋಗುತ್ತದೆ. ಕಾಯಿಲೆಗೆ ಇನ್ನೂ ಹೆಸರು ಬಂದಿರದ ದಿನಗಳಲ್ಲೊಮ್ಮೆ ಅವಳು ಊಟದ ಚೀಲವನ್ನು ಮೈಮರೆತು ಅದರ ಮೇಲೆ ಇಟ್ಟುಬಿಟ್ಟಿದ್ದಳು. ಕೆಲಸ ಕಲಿಯುವವರು ಮಾಡುವ ತಪ್ಪು. ಅವರು ಹಾಡಿಕೊಂಡದ್ದು, ಹೆಂಡತಿಯನ್ನು ಬೈದುಕೊಂಡದ್ದು ಎಲ್ಲ ಕೆಳಗೆ ಬಿತ್ತರವಾಗಿ ವಾರಗಟ್ಟಲೆ ತಮಾಷೆಯಾಗುತ್ತದೆ. ಅವಳದ್ದು ತಮಾಷೆಯಾಗಲಿಲ್ಲ. ಅವಳು ಹೊಟ್ಟೆ ಒತ್ತಿ ಹಿಡಿದು ಮುಂದಕ್ಕೆ ಬಾಗಿ ನರಳಿದ್ದು, ಪ್ಲಾಸ್ಟಿಕ್ ಕವರಿನಲ್ಲಿ ವಾಂತಿ ಮಾಡಿಕೊಂಡದ್ದು, ಆಮೇಲೆ ಚಿಕ್ಕ ಹುಡುಗಿಯ ಧ್ವನಿಯಲ್ಲಿ ಅಮ್ಮಾ ಅಮ್ಮಾ ಎಂದದ್ದು, ಮೂಗು ಸೀನಿದ್ದು ಸಹ, ಬಡಗಿಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಸೊಂಟದಲ್ಲೂ ಕೇಳಿಸಿತು. ಮರುದಿನದಿಂದ ಅವಳು ನಡೆಯುವ ದಾರಿಯ ಮೊಳೆಗಳನ್ನು ಯಾರೋ ಗುಡಿಸಿಟ್ಟಿರುತ್ತಿದ್ದರು. ಲಿಫ್ಟಿಲ್ಲದ ಕ್ರೇನಿನ ಬುಡದಲ್ಲಿ ಏಣಿಯ ಮೊದಲ ಮೆಟ್ಟಿಲಿಗೆ ಯಾರೋ ಹಳೆ ಟೈರಿನ ತುಂಡು ಸುತ್ತಿದ್ದರು, ಕಾಲು ಜಾರದ ಹಾಗೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು ಎಂದು ಅವಳು ತನಗೆ ತಾನೇ ಬಹಳ ಸಲ ಹೇಳಿಕೊಂಡಿದ್ದಳು. ಅದು ಸುಳ್ಳು. ಒಂದು ಸಂಜೆ ಕೆಲಸ ಮುಗಿಸಿ ಅಂಗಳ ದಾಟುವಾಗ, ಆ ಹೆಂಗಸರು ನೋಡುತ್ತಿದ್ದಾರೆಂದು ಗೊತ್ತಿದ್ದೇ ಅವಳು ಅಂಗೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಬಸುರಿಯರು ಇಡುವ ಹಾಗೆ, ಬೆರಳು ಅಗಲಿಸಿ. ನೋವೇನೂ ಇರಲಿಲ್ಲ ಆಗ. ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆದಳು, ಮೈಯೆಲ್ಲ ಬೆಚ್ಚಗಾಯಿತು, ಆಮೇಲೆ ಕದ್ದ ಸಾಮಾನು ಸುಟ್ಟ ಹಾಗೆ ಕೈ ತೆಗೆದಳು. ಆ ನಾಲ್ಕು ಹೆಜ್ಜೆ ನೆನಪಾದಾಗಲೆಲ್ಲ ಅವಳಿಗೆ ಆಸ್ಪತ್ರೆಯಲ್ಲಿ ಕರುಳಿಗೆ ಕೊಳವೆ ಬಿಟ್ಟು ನೋಡುವ ಸ್ಕೋಪಿನ ಮೇಜಿನ ಮೇಲೆ ಹಿಂಭಾಗ ತೆರೆದ ಗೌನಿನಲ್ಲಿ ಮಗ್ಗುಲಾಗಿ ಮಲಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು.

ಸ್ಕೋಪಿನ ಮೇಜು ನಿಜವಾಗಿ ಅಷ್ಟೇನೂ ಕೆಟ್ಟದಾಗಿರಲಿಲ್ಲ. ತೆಳ್ಳಗಿನ ವೈದ್ಯೆ ಆಮೇಲೆ ತೆರೆಯ ಮೇಲೆ ಚಿತ್ರ ತೋರಿಸಿದ್ದಳು. ಸಣ್ಣಕರುಳು ಮುಗಿಯುವ ಜಾಗ, ಅಲ್ಲಿ ಒಳಗೋಡೆ ಕಲ್ಲು ಹಾಸಿದ ಬೀದಿಯ ಹಾಗೆ ಉಬ್ಬುತಗ್ಗು, ಕಲ್ಲುಗಳ ನಡುವೆ ಬಿಳಿ ಬಿರುಕು. ಕ್ರೋನ್ಸ್, ಎಂದಳು. ಯಾವನೋ ಸತ್ತುಹೋದ ವೈದ್ಯನ ಹೆಸರಂತೆ. ಮುಖ ನೋಡದ ಗಂಡಸೊಬ್ಬನ ಮನೆತನದ ಹೆಸರು ತನ್ನ ಹೊಟ್ಟೆಯೊಳಗೆ ಬೋರ್ಡು ಹಾಕಿಕೊಂಡಿದೆ ಎಂಬುದು ಅವಳಿಗೆ ಆ ಕ್ಷಣದಲ್ಲಿ ನಗು ತರಿಸಿತ್ತು. ವಾಸಿ ಆಗುತ್ತಾ ಎಂದು ಗಂಡ ಕೇಳಿದ. "ವಾಸಿ ಅನ್ನೋ ಮಾತು ಬೇಡ," ಎಂದಳು ವೈದ್ಯೆ. "ಸುಮ್ಮನಿರಿಸಬಹುದು. ವರ್ಷಗಟ್ಟಲೆ ಸುಮ್ಮನಿರಿಸಬಹುದು. ನಿಮ್ಮ ಮೈಯ ಕಾವಲುಗಾರರೇ ನಿಮ್ಮ ಮನೆಗೆ ಕಲ್ಲು ಹೊಡೀತಿದ್ದಾರೆ. ಅವರಿಗೆ ಸ್ವಲ್ಪ ನಿದ್ದೆ ಬರಿಸೋ ಔಷಧ ಕೊಡ್ತೀವಿ. ಅಷ್ಟೇ." ಮಗುವಿನ ವಿಷಯ ಅವಳೇ ಕೇಳಿದಳು, ಗೋಡೆ ನೋಡುತ್ತ. ಮೊದಲು ಇದು ಸುಮ್ಮನಾಗಲಿ, ಆಮೇಲೆ ಧಾರಾಳವಾಗಿ, ಎಂಬ ಉತ್ತರ ಬಂತು. ಧಾರಾಳವಾಗಿ ಎಂಬ ಮಾತನ್ನು ಹಿಡಿದುಕೊಂಡು ಗಂಡಹೆಂಡತಿ ಬಸ್ಸಿನಲ್ಲಿ ಮನೆಗೆ ಬಂದಿದ್ದರು.

ಮಾತ್ರೆಗಳು ಮೊದಲು ಬಂದವು. ಅವು ನೋವನ್ನು ಕಿತ್ತುಕೊಂಡು ಅದರ ಬದಲಿಗೆ ಮುಖ ಕೊಟ್ಟವು: ಗುಂಡಗೆ, ಹೊಳೆಯುವ, ಕೆನ್ನೆ ಕಣ್ಣನ್ನು ತಳ್ಳುವ ಮುಖ. ಚಂದ್ರಮುಖಿ ಅನ್ನೋದು ಇದನ್ನೇ ಇರಬೇಕು, ಹಳೆಯ ಕಾಲದವರು ಮಾತ್ರೆ ತಿನ್ನುವವರನ್ನೇ ಹೊಗಳಿದ್ದು, ಎಂದ ಗಂಡ. ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು; ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ. ಈಗ ಮಾತ್ರೆ ಇಳಿಸುತ್ತ ಸೂಜಿಗೆ ಬಂದಿದ್ದರು. ಅಂದು ಬೆಳಿಗ್ಗೆಯೇ ಸೂಜಿ. ಫ್ರಿಜ್ಜಿನಲ್ಲಿ ಟೊಮ್ಯಾಟೊಗಳ ಪಕ್ಕ ಮಲಗಿದ್ದ ದಪ್ಪ ಪೆನ್ನಿನಂಥದ್ದನ್ನು ತೆಗೆದು ಮೇಜಿನ ಮೇಲಿಟ್ಟು, ಅದರ ತಣುಪು ಬಿಡುವವರೆಗೆ ಇಬ್ಬರೂ ಎದುರು ಕೂತಿದ್ದರು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ.

"ನಾನು ಹಾಕ್ಲಾ?" ಎಂದ ಗಂಡ.

"ನಿನ್ನ ಕೈ ನೋಡ್ಕೋ."

ಅವನ ಕೈ ನಡುಗುತ್ತಿತ್ತು. ಕೂದಲಿನಷ್ಟು ಹೆಚ್ಚುಕಮ್ಮಿಯಾಗದಂತೆ ಗಾಜು ಉಜ್ಜುವ ಕೈ. "ಬೇರೆಯವರ ಕಣ್ಣಿಗೆ ಮಾಡೋದು ಬೇರೆ," ಎಂದ, ತಪ್ಪು ಮಾಡಿದವನ ಹಾಗೆ. ಅವಳು ತೊಡೆಯ ಮಾಂಸ ಹಿಡಿದು ಒತ್ತಿದಳು. ಟಕ್ ಎಂದಿತು. ಉರಿ ತೊಡೆಯೊಳಗೆ ನಿಧಾನವಾಗಿ ಹರಡುವಾಗ ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ, ಅವಳು ಅವನ ಕುತ್ತಿಗೆಯ ಹಿಂದಿನ ಕೂದಲನ್ನು ನೋಡುತ್ತ, ಕಟಿಂಗ್ ಮಾಡಿಸ್ಕೋಬೇಕು ಇವನು, ಎಂದುಕೊಂಡಳು. ಅಷ್ಟರಲ್ಲಿ ಅಮ್ಮನ ಫೋನು. ಅಮ್ಮನಿಗೆ ಕಾಯಿಲೆಯ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಅದೆಂಥದೋ ಎನ್ನುತ್ತಿದ್ದಳು. ಕೆಲಸದ ಕಡೆ ಏನಂದುಕೊಂಡಿದ್ದಾರೆ ಎಂಬುದನ್ನು ಅವಳು ಒಮ್ಮೆ ಬಾಯಿಬಿಟ್ಟಿದ್ದಳು. ಅಂದಿನಿಂದ ಅಮ್ಮನದು ಒಂದೇ ಪಲ್ಲವಿ. "ನೀನಾಗಿ ಹೇಳಕ್ಕೆ ಹೋಗ್ಬೇಡ ಕಣೇ. ಆ ಜಾಗದ ಕಾಯಿಲೆ ಅಂದ್ರೆ ಜನ ಪಕ್ಕದಲ್ಲಿ ಕೂರಲ್ಲ. ಅವರೇನು ಅಂದ್ಕೊಂಡಿದ್ದಾರೋ ಅದೇ ಇರ್ಲಿ. ನೂರು ಬಾಯಲ್ಲಿ ಬಂದ ಮಾತು, ಯಾರಿಗೆ ಗೊತ್ತು, ನಿಜಾನೇ ಆಗ್ಬಹುದು."

"ಒಂಬತ್ತು ತಿಂಗಳಾದ್ಮೇಲೆ ಏನು ತೋರಿಸಲಿ ಅಮ್ಮ? ಮಾತ್ರೆ ಡಬ್ಬಿನಾ?"

"ಅಷ್ಟು ಹೊತ್ತಿಗೆ ಆ ಕಟ್ಟಡ ಮುಗಿದಿರುತ್ತೆ ಬಿಡು," ಎಂದಿದ್ದಳು ಅಮ್ಮ. ಅಮ್ಮನ ಲೆಕ್ಕಾಚಾರದಲ್ಲಿ ಯಾವಾಗಲೂ ತೂತಿರುತ್ತಿರಲಿಲ್ಲ.

ಆದರೆ ಕಟ್ಟಡ ಮುಗಿಯುವ ಮೊದಲೇ, ಅದೇ ಬೆಳಿಗ್ಗೆ, ಇಸ್ತ್ರಿ ಬಂದು ಏಣಿಯ ಬುಡದಲ್ಲಿ ನಿಂತಿದ್ದ. ಇಸ್ತ್ರಿ ಎಂದರೆ ಎಂಜಿನಿಯರು. ಸಿಮೆಂಟಿನ ದೂಳಿನಲ್ಲೂ ಶರ್ಟಿನ ಗೆರೆ ಮುರಿಯದವನಾದ್ದರಿಂದ ಇಡೀ ಸೈಟು ಬೆನ್ನ ಹಿಂದೆ ಹಾಗೆ ಕರೆಯುತ್ತಿತ್ತು. ಕೆಟ್ಟ ಮನುಷ್ಯನಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ನೆಲ ನೋಡುತ್ತ, ಮಗಳ ಮದುವೆಯ ವಿಷಯ ಎತ್ತುವವನ ಹಾಗೆ ಎತ್ತಿದ. "ನಾಳೆಯಿಂದ ನೀವು ಸ್ಟೋರಿಗೆ ಬನ್ನಿ. ಫ್ಯಾನಿದೆ, ಕುರ್ಚಿಯಿದೆ. ಕ್ರೇನಿಗೆ ಆ ಇನ್ನೊಬ್ಬ ಆಪರೇಟರು, ಗಡ್ಡದವನನ್ನ ಹಾಕ್ತೀನಿ. ಈ ಸ್ಥಿತೀಲಿ ಆ ಏಣಿ ಹತ್ತಿಸಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ." ಅವಳು ಬಾಯಿ ತೆರೆದಳು. ಯಾವ ಸ್ಥಿತಿ ಎಂದು ಕೇಳಬೇಕಿತ್ತು. ಸರಿ ಸರ್ ಎಂಬ ಮಾತು ಹೊರಗೆ ಬಂತು. ಆಮೇಲೆ ಏಣಿ ಹತ್ತುವಾಗ ಪ್ರತಿ ಅಟ್ಟಣೆಯಲ್ಲೂ ಆ ಸರಿ ಸರ್ ಅವಳಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಇಲ್ಲಿ, ಮೇಲೆ, ಅವಳು ಯಾರಿಗೂ ಸರಿ ಸರ್ ಎಂದವಳಲ್ಲ. ಕೆಲಸ ಕಲಿಯುವಾಗ ಹೆಂಗಸು ಎಷ್ಟು ದಿನ ತಡೆದಾಳು, ಒಂದಕ್ಕೆ ಹೋಗೋಕೆ ದಿನಕ್ಕೆ ಹತ್ತು ಸಲ ಇಳೀತಾಳೆ ಎಂದು ಪಂಥ ಕಟ್ಟಿದವರಿದ್ದರು. ಬೆಳಿಗ್ಗೆ ಹತ್ತಿದವರು ಸಂಜೆಗೇ ಇಳಿಯುವುದು ಈ ಕಸುಬಿನ ರೀತಿ. ನಡುಹೊತ್ತಿನಲ್ಲಿ ಇಳಿದರೆ ಕೆಳಗೆ ಎಲ್ಲರ ಕೈ ನಿಲ್ಲುತ್ತದೆ, ಕಲಸಿದ್ದು ಗಟ್ಟಿಯಾಗುತ್ತದೆ, ಇಳಿದವನ ಹೆಸರಿಗೆ ಬಾಲ ಹುಟ್ಟುತ್ತದೆ. ಅವಳು ಒಮ್ಮೆಯೂ ಇಳಿದಿರಲಿಲ್ಲ. ಜ್ವರದಲ್ಲಿ ಇಳಿದಿರಲಿಲ್ಲ, ಅಪ್ಪ ಸತ್ತ ಸುದ್ದಿ ಬಂದಾಗ ಗಾಳಿಯಲ್ಲಿದ್ದ ಲೋಡು ಇಟ್ಟು, ಆಮೇಲಿನ ಎರಡನ್ನೂ ಇಟ್ಟು, ಎಲ್ಲರ ಜೊತೆ ಸಂಜೆಗೇ ಇಳಿದಿದ್ದಳು. ತೂಗಾಡುವ ಉಕ್ಕಿನ ಕಟ್ಟನ್ನು ಗಾಳಿಯ ನಡುವೆ ನಿಲ್ಲಿಸುವಾಗ ಅವಳಿಗೆ ತಾನು ಇಷ್ಟು ಎತ್ತರದ ಒಂದೇ ಮೈ ಎನಿಸುತ್ತಿತ್ತು: ಕಬ್ಬಿಣದ ತೋಳು ತನ್ನದೇ, ತುದಿಯ ಕೊಕ್ಕೆ ತನ್ನದೇ ಬೆರಳು. ಆ ಮೈಗೆ ಕರುಳಿರಲಿಲ್ಲ. ಈಗ ಇನ್ನೊಂದು ಮೈ, ಕೆಳಗಿನದು, ಬೀಗದ ಕೈ ಹಿಡಿದುಕೊಂಡು ಮೇಲೆ ಹತ್ತಿ ಬಂದಿತ್ತು. ಕೆಟ್ಟ ದಿನಗಳಲ್ಲಿ ಅವಳು ಸೀಟಿನ ಹಿಂದೆ ಮುಚ್ಚಳದ ಬಕೆಟ್ಟು ಇಟ್ಟುಕೊಂಡು, ಆದದ್ದನ್ನು ಕವರಿನೊಳಗೆ ಕವರು ಹಾಕಿ ಗಂಟು ಬಿಗಿದು, ಸಂಜೆ ಊಟದ ಚೀಲದಲ್ಲಿ ಕೆಳಗಿಳಿಸಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಮಾವ ಓಡಿ ಬಂದು ಆ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡುಬಿಟ್ಟ. "ಭಾರ ಹೊರಬಾರದು ತಾಯಿ ಈಗ." ಗೇಟಿನವರೆಗೆ ಅವನು ಮುಂದೆ, ಚೀಲವನ್ನು ಎದೆಗೆ ಅವುಚಿಕೊಂಡು, ಅವಳು ಹಿಂದೆ. ಏನು ತಂದಿದ್ದೆ ಊಟಕ್ಕೆ, ಇನ್ನೂ ಬೆಚ್ಚಗಿದೆಯಲ್ಲ, ಎಂದು ಅವನು ಕೇಳಿದ. ಭೂಮಿ ಬಾಯಿ ಬಿಡಲಿ ಎಂದುಕೊಳ್ಳಲೂ ಅವಳಿಗೆ ತೋಚಿರಲಿಲ್ಲ.

ಮಾವ ಯಾರ ಮಾವನೂ ಅಲ್ಲ. ಸಿಗ್ನಲ್ ಕೊಡುವವನು, ಮುದುಕ, ತೆಳ್ಳಗೆ ಒಣಗಿದ ಸೌದೆಯಂಥವನು. ಅವಳಿಗೆ ಕಾಣದ ಜಾಗಗಳಲ್ಲಿ ಅವಳ ಕಣ್ಣು ಅವನು. ಗೋಡೆಯ ಆಚೆಗೆ, ಗುಂಡಿಯೊಳಗೆ ಲೋಡು ಇಳಿಸುವಾಗ ಅವನು ರೇಡಿಯೋದಲ್ಲಿ ಇಳಿ ಇಳಿ ಇಳಿ ಎಂದು ಹೇಳುತ್ತಲೇ ಇರಬೇಕು. ಮಾತು ನಡೆದಷ್ಟು ಹೊತ್ತು ಲೋಡು ನಡೆಯುತ್ತದೆ, ಮಾತು ನಿಂತಲ್ಲಿ ಲೋಡು ನಿಲ್ಲುತ್ತದೆ. ಉಸಿರು ತೆಗೆದುಕೊಳ್ಳಲು ನಿಂತರೂ ನಿಲ್ಲುತ್ತದೆ. ಅದು ಅವರಿಬ್ಬರ ನಡುವಿನ ಧರ್ಮ. ಮೊದಲೆಲ್ಲ ಅವನು ಆ ಇಳಿ ಇಳಿಗಳ ನಡುವೆ ಬೈಗುಳ ಸುರಿಯುತ್ತಿದ್ದ: ಇಳಿ, ಇಳಿ, ಬೆಕ್ಕು ಹಾಲು ಕುಡಿದ ಹಾಗೆ ಇಳಿಸ್ತೀಯಲ್ಲ, ಇಳಿ, ಸಂಜೆ ಆಯ್ತು. ಈಗ ಬೈಗುಳ ನಿಂತಿತ್ತು. ಅದರ ಜಾಗದಲ್ಲಿ ನಿಧಾನ ತಾಯಿ ಎಂಬುದು ಬಂದು ಕೂತಿತ್ತು. ಅವಳು ಬೈಗುಳಕ್ಕೆ ಹಂಬಲಿಸುತ್ತಿದ್ದಳು.

ಆ ಹೊತ್ತಿನ ಲೋಡು ಒಂದು ಮೆಟ್ಟಿಲುಸಾಲು. ಬೇರೆಡೆ ಅಚ್ಚುಹಾಕಿ ತಂದ ಕಾಂಕ್ರೀಟಿನ ಇಡೀ ಸಾಲು. ಕಟ್ಟಡದ ಹಿಂದಿನ ಬಾವಿಯಂಥ ಕಿಂಡಿಯೊಳಗೆ ಅದನ್ನು ಮೇಲಿನಿಂದ ಇಳಿಬಿಟ್ಟು, ಎರಡು ಮಹಡಿಗಳ ನಡುವಿನ ಒರಗುಗಟ್ಟೆಗಳ ಮೇಲೆ ಕೂರಿಸಬೇಕು. ಕಿಂಡಿಯೊಳಗೆ ಅವಳಿಗೇನೂ ಕಾಣುವುದಿಲ್ಲ. ಅಲ್ಲಿ ಇಬ್ಬರು ಹಗ್ಗ ಹಿಡಿದು ನಿಂತಿದ್ದರು, ಮಾವ ಅವರ ತಲೆಯ ಮೇಲಿನ ಅಂಚಿನಲ್ಲಿದ್ದ. ಮೆಟ್ಟಿಲುಸಾಲು ಅಂಗಳದಿಂದ ಎದ್ದು, ಆಕಾಶದಲ್ಲಿ ಎಲ್ಲಿಗೂ ಹೋಗದ ಮೆಟ್ಟಿಲಾಗಿ ಒಂದು ಸುತ್ತು ತಿರುಗಿ, ಕಿಂಡಿಯ ಬಾಯಿಯ ಮೇಲೆ ಬಂದು ನಿಂತಾಗ ಅವಳ ಬಲ ಕೆಳಹೊಟ್ಟೆಯಲ್ಲಿ ಏನೋ ಗಂಟು ಬಿಗಿಯಿತು. ಗೊತ್ತಿದ್ದ ಗಂಟು. ಮೊದಲು ಗಂಟು, ಆಮೇಲೆ ಮೇಲ್ತುಟಿಯ ಮೇಲೆ ತಣ್ಣನೆ ಬೆವರು, ಆಮೇಲೆ ಯಾರೋ ಒಳಗಿನಿಂದ ಬಾಗಿಲು ದೂಡುವುದು. ಗಂಟಿಗೂ ಬಾಗಿಲಿಗೂ ನಡುವೆ ಒಂದಿಷ್ಟು ಹೊತ್ತು ಸಿಗುತ್ತದೆ. ಆ ಹೊತ್ತಿನ ಅಳತೆ ಅವಳಿಗೆ ಹಗ್ಗದ ಅಳತೆಯಷ್ಟೇ ಚೆನ್ನಾಗಿ ಗೊತ್ತಿತ್ತು. ಸಾಕು, ಎಂದುಕೊಂಡಳು. ಇದನ್ನು ಇಡುವುದಕ್ಕೆ ಸಾಕು. ಬಕೆಟ್ಟು ಸೀಟಿನ ಹಿಂದೆ ಇತ್ತು.

"ಇಳಿ. ಇಳಿ. ಇಳಿ. ಇಳಿ." ಮಾವನ ಧ್ವನಿ. ಅವಳು ಪೆಡಲ್ ಒತ್ತಿ ಪ್ರತಿ ನಾಲ್ಕಕ್ಕೊಮ್ಮೆ ಇಳೀತಿದೆ ಎಂದು ಮಾರುತ್ತರ ಕೊಡುತ್ತಿದ್ದಳು. ಮೆಟ್ಟಿಲುಸಾಲು ಕಿಂಡಿಯೊಳಗೆ ಮುಳುಗಿ ಬರೀ ಹಗ್ಗ ಉಳಿಯಿತು. ಈ ನೋವು ನನ್ನ ಕೈಗೆ ಬಂದರೆ, ಎಂಬ ಯೋಚನೆ ಎಲ್ಲಿಂದಲೋ ಬಂತು. ಇಷ್ಟು ದಿನ ಅದನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಇದುವರೆಗೆ ನೋವು ಹೊಟ್ಟೆಯಲ್ಲಿದೆ, ಕೈ ಬೇರೆ. ಒಂದು ದಿನ ಕೈಗೆ ಬಂದರೆ, ಕೆಳಗೆ ಹಗ್ಗ ಹಿಡಿದ ಇಬ್ಬರು, ಅವರಿಗೆ ಮೇಲೆ ಕೂತವಳು ಬೆವರುತ್ತಿದ್ದಾಳೆ ಎಂದು ಯಾರು ಹೇಳಿದ್ದಾರೆ? ತಾನು ಇಳಿಯದೆ ಇದ್ದದ್ದನ್ನು ಹಿರಿಮೆ ಎಂದು ಹೊತ್ತು ತಿರುಗಿದ್ದು, ಆ ಇಬ್ಬರ ತಲೆಯ ಮೇಲೆ ಹೊತ್ತು ತಿರುಗಿದ್ದು. "ಇಳಿ. ಇಳಿ. ಇಳಿ—"

ಧ್ವನಿ ನಿಂತಿತು. ಅವಳ ಕೈ ತಾನಾಗಿ ನಿಲ್ಲಿಸಿತು. ಹಗ್ಗ ಬಿಗಿಯಾಗಿ ನಿಂತು ಸಣ್ಣಗೆ ನಡುಗಿತು.

"ಮಾವ, ಯಾಕೆ ನಿಂತೆ?"

"ಏನಿಲ್ಲ ತಾಯಿ. ನಿನ್ನ ಉಸಿರು ಒಂಥರಾ ಕೇಳಿಸ್ತು. ಸುಸ್ತಾ? ಅಲ್ಲೇ ಹಿಡಿದಿಟ್ಕೊಂಡು ಒಂದು ಗುಟುಕು ನೀರು ಕುಡಿ. ಇಬ್ಬರ ಜೀವ ಅದು."

ಇಬ್ಬರ ಜೀವ. ಕಿಂಡಿಯೊಳಗೆ ಇಬ್ಬರು ಗಂಡಸರು ಮೆಟ್ಟಿಲುಸಾಲಿನ ಕೆಳಗೆ ಹಗ್ಗ ಹಿಡಿದು ಕತ್ತೆತ್ತಿ ನಿಂತಿದ್ದರು, ಮುದುಕ ಅವರನ್ನು ಮರೆತು ಇಲ್ಲದ ಮಗುವೊಂದನ್ನು ಕಾಯುತ್ತಿದ್ದ. ಅವನು ಮಾತು ನಿಲ್ಲಿಸಿದ್ದ. ಲೋಡು ಗಾಳಿಯಲ್ಲಿರುವಾಗ ಮಾವ ಮಾತು ನಿಲ್ಲಿಸಿದ್ದು ಅದೇ ಮೊದಲು. ಅದನ್ನು ಮಾಡಿಸಿದವಳು ತಾನು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದು. ಅವಳು ಪೆಡಲನ್ನು ಪೂರ್ತಿ ಒತ್ತಿದಳು.

"ಮಾವ, ಕೇಳಿಸ್ಕೋ. ಎಲ್ಲರೂ ಕೇಳಿಸ್ಕೊಳ್ಳಿ. ನಾನು ಬಸುರಿ ಅಲ್ಲ. ನನಗೆ ಕರುಳಿನ ಕಾಯಿಲೆ. ಕರುಳಲ್ಲಿ ಹುಣ್ಣು. ಹೋಗೋ ಕಾಯಿಲೆ ಅಲ್ಲ, ಔಷಧಿ ನಡೀತಿದೆ. ಅಂಟೋದಿಲ್ಲ. ಈ ಮೆಟ್ಟಿಲು ಕೂರಿಸಿದ ಮೇಲೆ ನಾನು ಕೆಳಗಿಳಿದು ಕಕ್ಕಸಿಗೆ ಹೋಗ್ತೀನಿ. ಅಲ್ಲಿವರೆಗೂ ಕ್ರೇನು ನಿಲ್ಲುತ್ತೆ."

ಎಲ್ಲೋ ಸುತ್ತಿಗೆಯ ಸದ್ದು ನಿಂತಿತು. ಆಮೇಲೆ ಇಸ್ತ್ರಿಯ ಧ್ವನಿ, ಗೆರೆ ಮುರಿಯದೆ: "ಕ್ರೇನ್, ಈ ಚಾನೆಲ್ಲಿನಲ್ಲಿ ಬೇರೆ ಮಾತು ಬೇಡ."

"ಬೇರೆ ಮಾತಲ್ಲ ಸರ್. ಕ್ರೇನ್ ಯಾಕೆ ನಿಲ್ಲುತ್ತೆ ಅಂತ ಹೇಳ್ತಿದ್ದೀನಿ. ಮಾವ, ಕೆಳಗೆ ಜನ ಇದ್ದಾರೆ. ಮಾತಾಡು."

ಮುದುಕ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. "ಇಳಿ," ಎಂದ. ಬಿಡಿಬಿಡಿಯಾಗಿ, ನಡೆಯಲು ಕಲಿಯುವವನ ಹಾಗೆ. "ಇಳಿ. ಇಳಿ." ಆಮೇಲೆ ಧ್ವನಿ ಹಳಿಗೆ ಬಿತ್ತು. "ಇಳಿ, ಇಳಿ, ಎಡಕ್ಕೆ ಒಂದು ಅಂಗೈ, ಇಳಿ. ಇಷ್ಟು ದಿನ ಬಾಯಿಗೆ ಏನು ತುರುಕ್ಕೊಂಡಿದ್ದೆ, ಇಳಿ, ಕತ್ತೆ ಥರ ಹೊತ್ಕೊಂಡು ಕೂತಿದ್ದಾಳೆ, ಇಳಿ, ಇಳಿ, ಬೆರಳಷ್ಟು, ಇಳಿ, ಕೂಗು ಹೊಡೆದ್ರು, ನಿಲ್ಲು. ಕೂತ್ಕೊಂತು." ಹಗ್ಗ ಸಡಿಲವಾಯಿತು. ಗಂಟು ಬಾಗಿಲಿನ ಹತ್ತಿರ ಬಂದಿತ್ತು. ಆದರೂ ಅವಳು ಕೊಕ್ಕೆಯನ್ನು ಪೂರ್ತಿ ಮೇಲಕ್ಕೆಳೆದು, ತೋಳಿನ ಬ್ರೇಕು ಬಿಡಿಸಿ, ಯಾರೂ ಇಲ್ಲದ ಕ್ರೇನನ್ನು ಹೇಗೆ ಗಾಳಿ ಬೀಸಿದ ಕಡೆ ತಿರುಗಲು ಬಿಟ್ಟು ಹೋಗಬೇಕೋ ಹಾಗೆ ಬಿಟ್ಟು, ಬೀಗದ ಕೈ ಜೇಬಿಗೆ ಹಾಕಿಕೊಂಡು ಎದ್ದಳು. ಬಕೆಟ್ಟಿನ ಕಡೆ ನೋಡಲಿಲ್ಲ.

ಏಣಿ ಇಳಿಯುವಾಗ ಇನ್ನೊಂದು ಬಗೆಯ ಲೆಕ್ಕ. ಕೈ ಬಿಗಿ, ಹೊಟ್ಟೆ ಬಿಗಿ, ಉಸಿರು ಸಡಿಲ. ಒಂದು ಅಟ್ಟಣೆಯಲ್ಲಿ ಕಂಬಿಗೆ ಹಣೆಯೊತ್ತಿ ನಿಂತಳು. ಅಲೆ ಬಂದು ಹೋಯಿತು. ಅಂಗಳದ ಆಚೆ ತುದಿಯಲ್ಲಿ ನೀಲಿ ತಗಡಿನ ಕಕ್ಕಸುಗಳ ಸಾಲು. ಅಲ್ಲಿಗೆ ಹೋಗುವ ದಾರಿ ಇಡೀ ಸೈಟಿನ ಎದೆಯ ಮೇಲೆ ಹಾದುಹೋಗುತ್ತಿತ್ತು. ಅವಳು ಓಡಲಿಲ್ಲ. ಓಡುವುದು ಒಳಗಿನ ಬಾಗಿಲಿಗೂ ಒಳ್ಳೆಯದಲ್ಲ, ಆದರೆ ಅದಕ್ಕಾಗಿ ಅಲ್ಲ. ಟೋಪಿಯ ಪಟ್ಟಿ ಗದ್ದಕ್ಕೆ ಬಿಗಿದು, ಕೈಗಳನ್ನು ಎರಡೂ ಬದಿಗೆ ಬಿಟ್ಟು, ತನ್ನ ಗುಂಡು ಮುಖವನ್ನು ಎತ್ತಿ ಹಿಡಿದು ನಡೆದಳು. ಜನ ನೋಡಿದರು. ನೋಡಲಿ. ಇಷ್ಟು ದಿನ ಅವರು ನೋಡಿದ್ದು ಅವಳನ್ನಲ್ಲ. ಗೆದ್ದಳು ಎನ್ನುವಂತಿರಲಿಲ್ಲ, ಚಿಲಕ ಹಾಕುವ ಹೊತ್ತಿಗೆ ಸ್ವಲ್ಪ ಸೋತಿದ್ದಳು. ಒಳಬಟ್ಟೆಯನ್ನು ತೆಗೆದು ಕಸದ ಡಬ್ಬಕ್ಕೆ ಹಾಕಿ, ನಲ್ಲಿಯ ಬಿಸಿಲಿಗೆ ಕಾದ ನೀರಿನಲ್ಲಿ ತೊಳೆದುಕೊಂಡು, ತಗಡಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಂತಳು. ಅಳು ಬರಬೇಕಿತ್ತು. ಬಂದದ್ದು ಹಸಿವು.

ಹೊರಗೆ ಕಬ್ಬಿಣ ಕಟ್ಟುವ ಹೆಂಗಸರಲ್ಲಿ ಹಿರಿಯಳು ನಲ್ಲಿಯ ಹತ್ತಿರ ಕಾಯುತ್ತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ನಮ್ಮ ಮಿಠಾಯಿ ತಿಂದೇ ಹೀಗಾಯ್ತಾ ಅಕ್ಕ?"

"ತಿಂದೇ ಇಲ್ಲ. ಎಲ್ಲ ಮೇಲೆ ಡಬ್ಬದಲ್ಲಿದೆ. ಕೊಕ್ಕೆಗೆ ಕಟ್ಟಿ ವಾಪಸ್ ಕಳಿಸ್ತೀನಿ."

ಹಿರಿಯಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬೇಡ. ನಿನ್ನ ಗಂಡಂಗೆ ಕೊಡು. ಅವನಿಗಾದ್ರೂ ಬಸುರು ನಿಲ್ಲುತ್ತೋ ನೋಡೋಣ." ಹಿಂದೆ ನಿಂತಿದ್ದವರು ಬಾಯಿ ಮುಚ್ಚಿಕೊಂಡು ನಕ್ಕರು, ಅವಳೂ ನಕ್ಕಳು, ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ. ಹಿರಿಯಳು ಅವಳ ಮುಂಗೈಯನ್ನು ಒಂದು ಸಲ ಒರಟಾಗಿ ಒತ್ತಿ ಹೊರಟುಹೋದಳು. ಪಕ್ಕದಲ್ಲಿ ಕೂರುವುದಿಲ್ಲ ಎಂದಿದ್ದಳಲ್ಲ ಅಮ್ಮ.

ಇಸ್ತ್ರಿ ಏಣಿಯ ಬುಡದಲ್ಲಿದ್ದ. ಮಾವ ಅವನ ಹಿಂದೆ, ಯಾರನ್ನೂ ನೋಡದೆ, ಹಗ್ಗದ ತುದಿ ಹೊಸೆಯುತ್ತಿದ್ದ. "ನಾಳೆ ಆಫೀಸಿಗೆ ಬನ್ನಿ," ಎಂದ ಇಸ್ತ್ರಿ. "ಕೂತು ಮಾತಾಡೋಣ."

"ಈಗಲೇ ಹೇಳಿ ಸರ್. ನಾನು ಹತ್ತಬೇಕು."

"ಹತ್ತೋದಾ? ನೋಡಿ, ಬಸುರಿ ಅಂದ್ರೆ ಅದೊಂಥರಾ. ಇದು ಕಾಯಿಲೆ. ಕಾಯಿಲೆಯವರನ್ನ ಮೇಲೆ ಕೂರಿಸಿ ನಾಳೆ ಏನಾದ್ರೂ ಆದ್ರೆ?"

"ಕಾಯಿಲೆ ಇಟ್ಕೊಂಡು ಹೇಳದೆ ಕೂತಿದ್ನಲ್ಲ, ಅದು ತಪ್ಪು. ಆ ತಪ್ಪಿಗೆ ಬೈಯಿರಿ, ಕೇಳಿಸ್ಕೋತೀನಿ. ಇನ್ನು ಮೇಲೆ ಹೇಳ್ತೀನಿ. ಹೊಟ್ಟೆ ಸರಿ ಇಲ್ಲದ ದಿನ ಹತ್ತೋದೇ ಇಲ್ಲ, ಗಡ್ಡದವನು ಹತ್ತಲಿ. ಸರಿ ಇದ್ದ ದಿನ ನಾನು. ನಡುವೆ ಬಂತು ಅಂದ್ರೆ ಲೋಡು ಇಟ್ಟು ಇಳೀತೀನಿ. ಕ್ರೇನ್ ನಿಲ್ಲುತ್ತೆ. ಸ್ಟೋರಿಗೆ ಹೋಗಲ್ಲ." ತನ್ನ ಧ್ವನಿ ತನಗೇ ಅಪರಿಚಿತವಾಗಿ ಕೇಳಿಸಿತು, ಬೇಡುವ ಧ್ವನಿಯಲ್ಲ, ಜಗಳದ್ದೂ ಅಲ್ಲ, ಲೋಡಿನ ತೂಕ ಹೇಳುವಾಗಿನ ಧ್ವನಿ.

"ಡಾಕ್ಟರು ಏನಂತಾರೆ?"

"ಹತ್ತಬಹುದು ಅಂತಾರೆ, ಬೇಕೆಂದಾಗ ಇಳಿಯೋಕೆ ಬಿಟ್ರೆ. ನಾಳೆ ನೀವೇ ಫೋನ್ ಮಾಡಿ ಕೇಳಿ."

ಇಸ್ತ್ರಿ ಮಾವನ ಕಡೆ ತಿರುಗಿದ. ಮಾವ ಹಗ್ಗದಿಂದ ಕಣ್ಣೆತ್ತಲಿಲ್ಲ. "ನನ್ನನ್ನೇನು ನೋಡ್ತೀರಿ? ಮಾತು ನಿಲ್ಲಿಸಿದವನು ನಾನು. ಇಳಿಸೋದಾದ್ರೆ ನನ್ನನ್ನ ಮೊದಲು ಇಳಿಸಿ. ಅವಳ ಮೆಟ್ಟಿಲು ಕೂತಿದೆ."

ಗಾಳಿಗೆ ಬಿಟ್ಟ ಕ್ರೇನಿನ ತೋಳು ಮೇಲೆ ನಿಧಾನವಾಗಿ ಹೊರಳುತ್ತಿತ್ತು, ಅದರ ನೆರಳು ಅವರ ಮೇಲೆ ಹಾದುಹೋಯಿತು. ಇಸ್ತ್ರಿ ಗಡಿಯಾರ ನೋಡಿಕೊಂಡ. ಹಿಂದೆ ಸುಮ್ಮನೆ ನಿಂತಿದ್ದ ಕೈಗಳನ್ನು ನೋಡಿದ. "ಇವತ್ತು ಹತ್ತಿ," ಎಂದ. "ನಾಳೆ ಡಾಕ್ಟರ ಹತ್ತಿರ ಮಾತಾಡ್ತೀನಿ." ಆಮೇಲೆ ಬೇರೆ ಕಡೆ ನೋಡುತ್ತ, "ಕ್ರೇನಿನ ಬುಡದಲ್ಲೇ ಒಂದು ಕಕ್ಕಸು ಇಡಿಸಬಹುದು," ಎಂದ.

ಅವಳು ಹತ್ತಿದಳು. ಮೊದಲ ಅಟ್ಟಣೆ ದಾಟಿದಳು, ಎರಡನೆಯದನ್ನೂ. ಮೊದಲೆಲ್ಲ ಉಸಿರು ಹಿಡಿದು ಒಂದೇ ಸಲಕ್ಕೆ ತುದಿಗೆ ಹೋಗುತ್ತಿದ್ದಳು, ನಡುವೆ ನಿಲ್ಲುವುದು ಗಂಡಸರ ಕಣ್ಣಿಗೆ ಬೀಳಬಾರದೆಂದು. ಈಗ ಅರ್ಧದಲ್ಲಿ ತೊಡೆಗಳು ಒದ್ದೆ ಮಣ್ಣಿನಂತಾದವು. ಅವಳು ಅಟ್ಟಣೆಯ ಜಾಲರಿಯ ಮೇಲೆ, ಕೆಳಗಿನ ಎಲ್ಲರಿಗೂ ಕಾಣುವ ಹಾಗೆ, ಕಾಲು ಚಾಚಿ ಕೂತಳು. ಬೆವರು ಆರತೊಡಗಿತು. ಸುತ್ತ ಊರು ತನ್ನ ಕಿಟಕಿಗಳನ್ನೆಲ್ಲ ತೆರೆದುಕೊಂಡು ಬಿಸಿಲಿನಲ್ಲಿ ಬಿದ್ದಿತ್ತು. ಇಷ್ಟು ವರ್ಷ ದಿನಾ ದಾಟಿಹೋದ ಎತ್ತರ, ಇಲ್ಲಿಂದ ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸೊಂಟದ ರೇಡಿಯೋ ಗರಗರಿಸಿತು.

"ಎಲ್ಲಿದ್ದೀಯ?" ಮಾವ.

"ಅರ್ಧದಲ್ಲಿ."

"ಅರ್ಧದಲ್ಲಿ ಏನು ಮಾಡ್ತಿದ್ದೀಯ?"

"ಕೂತಿದ್ದೀನಿ."

"ಇಲ್ಲಿ ಮುಂದಿನ ಲೋಡು ಕಟ್ಟಿ ಆಗಿದೆ. ಎಲ್ಲ ಬಾಯಿ ಬಿಟ್ಕೊಂಡು ಮೇಲೆ ನೋಡ್ತಾ ನಿಂತಿದ್ದಾರೆ."

ಅವಳು ಜಾಲರಿಯ ಕಂಡಿಗಳಲ್ಲಿ ಕೆಳಗೆ ನೋಡಿದಳು. ಹಳದಿ ಟೋಪಿಗಳು, ಇಸ್ತ್ರಿಯ ಬಿಳಿ ಟೋಪಿ, ಎಲ್ಲ ಎತ್ತಿದ ಮುಖಗಳು. ಅವಳು ಬೆನ್ನನ್ನು ಕಂಬಿಗೆ ಇನ್ನಷ್ಟು ಆರಾಮವಾಗಿ ಆನಿಸಿಕೊಂಡಳು.

"ಕಾಯ್ಲಿ," ಎಂದಳು.